ಎಲ್ಲಿ ಹೋದವು ಆ ನಾಲ್ಕು ಕುದುರೆ

ನನ್ನ ಸೊಸೆ ಎಂಜಿನ್ನಿನ ಸದ್ದು ಕೇಳಿದ್ರೆ ಸಾಕು, ಅದು ಬೆಳಿಗ್ಗೆ ಏನು ಕುಡಿದಿದೆ, ಯಾರ ಮೇಲೆ ಮುನಿಸಿಕೊಂಡಿದೆ, ಮುಂದಿನ ವಾರ ಯಾವ ನಟ್ಟು ಉದುರಿಸುತ್ತೆ, ಎಲ್ಲಾ ಹೇಳಿಬಿಡ್ತಾಳೆ. ಉಬ್ಬಿಸಿ ಹೇಳ್ತಿಲ್ಲಪ್ಪ. ಮದುವೆಯಾಗಿ ಬಂದ ಮೂರನೇ ದಿನ, ಕೈಯಲ್ಲಿ ಕಾಫಿ ಲೋಟ ಹಿಡ್ಕೊಂಡು, ಮಾವ ಕಾರು ರಿಪೇರಿ ಮಾಡೋ ಶೆಡ್ಡಿಗೆ ಹೋದವಳು, ಅಲ್ಲಿದ್ದ ಕಾರಿನ ಸದ್ದು ಕೇಳಿ, "ಮಾವ, ಇದರ ಮೂರನೇ ಸಿಲಿಂಡರು ನಿದ್ದೆ ಮಾಡ್ತಿದೆ" ಅಂದ್ಲು. ನಮ್ಮ ಯಜಮಾನರು ಮೀಸೆ ಕುಣಿಸಿ ನಕ್ಕರು. ಆಮೇಲೆ ಮಧ್ಯಾಹ್ನದವರೆಗೂ ಹುಡುಕಿದ್ರು. ಮೂರನೇದೇ! ಅವತ್ತೇ ಅವಳ ಕೈಗೆ ಸ್ಪ್ಯಾನರು ಹೋಯ್ತು. ಸೊಸೆ ಬಂದ ಮೇಲೆ ಕಾಲು ಚಾಚಿ ಕೂರಬಹುದು ಅಂದ್ಕೊಂಡಿದ್ದ ನನ್ನ ಕೈಗೆ ಸೌಟು ವಾಪಸ್ ಬಂತು.

ಯಜಮಾನರು ಹೋಗಿ ಒಂಬತ್ತು ವರ್ಷ ಆಯ್ತು. ಶೆಡ್ಡು ಹಾಗೇ ಇದೆ, ನಮ್ಮ ಅಡುಗೆಮನೆಯ ಹಿಂದಿನ ಬಾಗಿಲು ತೆಗೆದ್ರೆ ಅದರೊಳಗೇ ಕಾಲಿಡೋದು. ಎಡಗಡೆ ನನ್ನ ಮಗ ಹೊಲಿಗೆ ಮಿಷನ್ನು ಹಾಕ್ಕೊಂಡು ಕಾರಿನ ಸೀಟಿಗೆ ಕವರು ಹೊಲೀತಾನೆ. ಅವನಿಗೆ ಅಪ್ಪನ ಸ್ಪ್ಯಾನರು ಒಲೀಲಿಲ್ಲ, ಸೂಜಿ ಒಲೀತು. ಬಲಗಡೆ ಸೊಸೆ. ಮಧ್ಯದಲ್ಲಿ ನನ್ನ ಕುರ್ಚಿ. ಎರಡೂ ಕಡೆ ಕಣ್ಣಿಡಬೇಕಲ್ಲ!

ಈಗ ಹೇಳೋಕೆ ಹೊರಟಿದ್ದು ಹಲ್ಲು ಡಾಕ್ಟ್ರ ಕಾರಿನ ವಿಷಯ. ವಾರವೆಲ್ಲಾ ಊರಿನೋರ ಹಲ್ಲು ಕೀಳೋದು, ರಜಾ ಬಂದ್ರೆ ಗುಡ್ಡದ ರಸ್ತೆಯಲ್ಲಿ ರೇಸು ಓಡಿಸೋದು, ಇದು ಆ ಮನುಷ್ಯನ ಬಾಳು. ಒಂದು ಹಳೇ ಪುಟ್ಟ ಬಿಳಿ ಕಾರು ತಂದು ನಿಲ್ಲಿಸಿ, "ಮೆಕ್ಯಾನಿಕಮ್ಮ, ಇದಕ್ಕೆ ಜೀವ ತುಂಬಿ" ಅಂದ್ರು. ಇವಳು ನಾಲ್ಕು ತಿಂಗಳು ತುಂಬಿದ್ಲು. ಸಿಲಿಂಡರು ಕೊರೆದು ಅಗಲ ಮಾಡಿಸಿದ್ಲು. ಎಂಜಿನ್ನು ಗಾಳಿ ಎಳ್ಕೊಂಡು ಉಸಿರಾಡೋ ದಾರಿಯನ್ನೆಲ್ಲಾ ಒಳಗಿನಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ಲು, ಬೇಕಿದ್ರೆ ಅದರಲ್ಲಿ ಮುಖ ನೋಡಿ ತಲೆ ಬಾಚ್ಕೋಬಹುದಿತ್ತು. ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರು ಒಂದಿದ್ದ ಕಡೆ ಎರಡು ಕೂರಿಸಿದ್ಲು. ಹೊಗೆ ಕೊಳವೆ ಆನೆ ಸೊಂಡಿಲಿನಷ್ಟು ದಪ್ಪ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಪಕ್ಕದ ಬೀದಿಯ ಗಡಿಯಾರಗಳೆಲ್ಲಾ ಐದು ನಿಮಿಷ ಮುಂದೆ ಓಡಿದ್ವು.

"ಎಷ್ಟು ಕುದುರೆ ಇರಬಹುದು ಮೆಕ್ಯಾನಿಕಮ್ಮ?" ಡಾಕ್ಟ್ರು ಕೈ ಉಜ್ಜಿಕೊಂಡು ಕೇಳಿದ್ರು. ಎಂಜಿನ್ನಿನ ಶಕ್ತೀನ ಕುದುರೆ ಲೆಕ್ಕದಲ್ಲಿ ಹೇಳೋದು ಇವರ ರೂಢಿ. "ನೂರಾ ಎಂಬತ್ತು ಅಂತೂ ಇದ್ದೇ ಇರುತ್ತೆ ಅಲ್ವಾ?"

"ಇರಬಹುದು ಡಾಕ್ಟ್ರೇ" ಅಂದೆ ನಾನು. "ನಿಮ್ಮ ಆಸ್ಪತ್ರೆ ಕುರ್ಚಿ ಮೇಲೆ ಕೂತೋರ ಕಿರುಚಾಟ ಕೇಳಿದ್ರೆ ಮುನ್ನೂರು ಕುದುರೆ ಇದ್ದ ಹಾಗೇ ಕೇಳುತ್ತೆ. ಸದ್ದು ಬೇರೆ, ಕುದುರೆ ಬೇರೆ."

ಸೊಸೆ ನಗಲಿಲ್ಲ. ಅವಳಿಗೆ ಅದು ನಗೋ ವಿಷಯವೇ ಆಗಿರಲಿಲ್ಲ.

ಯಾಕೆ ಅಂದ್ರೆ, ರೇಸು ನಡೆಸೋ ಕ್ಲಬ್ಬಿನೋರದು ಒಂದು ಕಟ್ಟುನಿಟ್ಟು. ಹಿಂದೆ ಕೆಲವರು ಕಾರಿನೊಳಗೆ ಕುದುರೆ ಬಚ್ಚಿಟ್ಟು, ನಮ್ಮದು ಬಡಕಲು ಎಂಜಿನ್ನು ಅಂತ ಹೇಳಿ, ಬಡಕಲು ಕಾರುಗಳ ಜೊತೆ ಓಡಿ ಗೆಲ್ತಿದ್ರಂತೆ. ಅದಕ್ಕೆ ಈಗ ಎಂಜಿನ್ನು ಕಟ್ಟಿದೋರೇ ಇಷ್ಟು ಕುದುರೆ ಅಂತ ಕಾಗದದ ಮೇಲೆ ಮೊದಲು ಬರೆದು, ಸಹಿ ಹಾಕಿ ಕೊಡಬೇಕು. ಆಮೇಲೆ ಅವರು ಕಾರನ್ನ ಉರುಳೆ ಮಿಷನ್ನಿನ ಮೇಲೆ ಹತ್ತಿಸಿ ಅಳೀತಾರೆ. ನೆಲದಲ್ಲಿ ಎರಡು ದೊಡ್ಡ ಉರುಳೆ, ಅದರ ಮೇಲೆ ಕಾರಿನ ಚಕ್ರ. ಚಕ್ರ ಓಡ್ತಾನೇ ಇರುತ್ತೆ, ಕಾರು ಮಾತ್ರ ಇದ್ದಲ್ಲೇ ಇರುತ್ತೆ, ನನ್ನ ಮಗನ ಥರ. ಬರೆದದ್ದಕ್ಕೂ ಅಳೆದದ್ದಕ್ಕೂ ಮೂರು ಕುದುರೆಗಿಂತ ಹೆಚ್ಚು ವ್ಯತ್ಯಾಸ ಬಂತೋ, ಆ ಗ್ಯಾರೇಜಿನ ಹೆಸರನ್ನ ಒಂದು ವರ್ಷ ಪಟ್ಟಿಯಿಂದ ಹೊಡೆದು ಹಾಕ್ತಾರೆ. ಅವರ ಕೈ ಮುಟ್ಟಿದ ಯಾವ ಕಾರೂ ಓಡೋ ಹಾಗಿಲ್ಲ.

ದೊಡ್ಡ ಗ್ಯಾರೇಜಿನೋರ ಹತ್ತಿರ ಸ್ವಂತದ ಉರುಳೆ ಮಿಷನ್ನಿದೆ, ಮನೇಲೇ ಅಳೆದು ಬರೀತಾರೆ. ನಮ್ಮ ಹತ್ತಿರ ಏನಿದೆ? ಒಂದು ಸ್ಟಾಪ್‌ವಾಚು, ಒಂದು ಪೆನ್ಸಿಲ್ಲು, ಒಬ್ಬಳು ಸೊಸೆ. ಅದರ ಮೇಲೆ, ಇಷ್ಟು ವರ್ಷ ಎಂಜಿನ್ನು ಇವಳು ಕಟ್ಟಿದ್ರೂ ಕಾಗದದಲ್ಲಿ ಯಜಮಾನರ ಹೆಸರೇ ಹೋಗ್ತಿತ್ತು. ಈ ಸಲ ಕ್ಲಬ್ಬಿನೋರು, ತೀರಿಹೋದೋರು ಎಂಜಿನ್ನು ಕಟ್ಟೋಕಾಗಲ್ಲ, ಕಟ್ಟಿದೋರ ಹೆಸರೇ ಬರೀಬೇಕು ಅಂದ್ರು. ತನ್ನ ಹೆಸರಲ್ಲಿ ಬರೆಯೋ ಮೊದಲ ಕಾಗದ ಅದು. ಆ ಕಾಗದವನ್ನ ಮಡಿಸಿ ಅಡುಗೆಮನೆ ಡಬ್ಬದ ಕೆಳಗಿಟ್ಟು, ದಿನಕ್ಕೆ ಹತ್ತು ಸಲ ತೆಗೆದು ನೋಡ್ತಿದ್ಲು.

"ಮಿಷನ್ನಿಲ್ಲದೆ ಹೇಗೆ ಅಳೀತೀಯೆ?" ಅಂತ ಕೇಳಿದೆ.

"ಅತ್ತೆ, ಈ ಬೀರು ತಳ್ಳಿ ನೋಡಿ" ಅಂದ್ಲು. ತಳ್ಳಿದೆ. ಅಲ್ಲಾಡಲಿಲ್ಲ. "ಈಗ ಇದರೊಳಗಿನ ಬಟ್ಟೆಯೆಲ್ಲಾ ತೆಗೆದು ತಳ್ಳಿದ್ರೆ ಸ್ವಲ್ಪ ಸರಿಯುತ್ತೆ. ಎಷ್ಟು ಭಾರದ್ದನ್ನ, ಎಷ್ಟು ಬೇಗ, ಎಷ್ಟು ವೇಗಕ್ಕೆ ತಳ್ಳಿದ್ರಿ ಅಂತ ಗೊತ್ತಾದ್ರೆ ನಿಮ್ಮ ತೋಳಲ್ಲಿ ಎಷ್ಟು ಶಕ್ತಿ ಇದೆ ಅಂತ ಹೇಳಬಹುದು. ಕಾರೂ ಅಷ್ಟೇ. ಭಾರ ಸರಿಯಾಗಿ ಗೊತ್ತಿರಬೇಕು, ಸಮಯ ಸರಿಯಾಗಿ ಹಿಡೀಬೇಕು. ಉಳಿದದ್ದೆಲ್ಲಾ ಗುಣಿಸೋದು, ಭಾಗಿಸೋದು."

ನಾನು ಓದಿದ್ದು ಎರಡನೇ ಕ್ಲಾಸು, ಅದೂ ಅರ್ಧ. ಆದ್ರೂ ನನಗೆ ಅರ್ಥ ಆಗೋ ಹಾಗೆ ಹೇಳಿದ್ಲಲ್ಲ! ಇವಳು ಮೇಷ್ಟ್ರಾಗಿದ್ರೆ ಕತ್ತೆಗಳೂ ಪಾಸಾಗ್ತಿದ್ವು.

ಸಮಯ ಹಿಡಿಯೋ ಕೆಲಸ ಯಾರಿಗೆ? ಮಗನಿಗೆ ಕಾರು ನಲವತ್ತು ದಾಟಿದ್ರೆ ಹೊಟ್ಟೆ ತೊಳಸುತ್ತೆ. ಡಾಕ್ಟ್ರಿಗೆ ಉತ್ಸಾಹ ಜಾಸ್ತಿ, ಸಂತೋಷಕ್ಕೆ ಎರಡು ಸಲ ಒತ್ತಿಬಿಡ್ತಾರೆ. "ಅತ್ತೆ, ನೀವು" ಅಂದ್ಲು. ನಾನು ಮೂವತ್ತೊಂದು ವರ್ಷ ಗುಂಡಿ ಕಾರ್ಖಾನೆಯಲ್ಲಿ ಪ್ರೆಸ್ ಒತ್ತಿದೋಳು. ಅಂಗಿ ಗುಂಡಿ ಮುಂದೆ ಬಂತಾ, ಟಕ್. ಬಂತಾ, ಟಕ್. ಈ ಭೂಮಿ ಮೇಲೆ ನಡೆದಾಡೋ ಅರ್ಧ ಜನರ ಮಾನ ನನ್ನ ಹೆಬ್ಬೆಟ್ಟಿಂದ ಉಳಿದಿರೋದು.

"ನಾನು 'ಹ್ಞಾ' ಅಂದಾಗ ಒತ್ತಿ. ಸ್ವಲ್ಪ ತಡವಾದ್ರೂ ಪರವಾಗಿಲ್ಲ ಅತ್ತೆ. ಶುರುವಲ್ಲಿ ಎಷ್ಟು ತಡವೋ ಕೊನೇಲೂ ಅಷ್ಟೇ ತಡ ಮಾಡಿ. ಎರಡೂ ಸಮ ಆದ್ರೆ ವಜಾ ಆಗುತ್ತೆ."

ನೋಡಿ, ಎಂಥ ಬುದ್ಧಿ! ತಪ್ಪು ಮಾಡಬೇಡಿ ಅನ್ನಲಿಲ್ಲ, ಎರಡು ಸಲವೂ ಒಂದೇ ಥರ ತಪ್ಪು ಮಾಡಿ ಅಂದ್ಲು. ಇಂಥ ಮಾತು ಯಾವ ಅತ್ತೆಗೆ ಯಾವ ಸೊಸೆ ಹೇಳಿದ್ದಾಳೆ?

ಮೊದಲು ಭಾರ. ಕಲ್ಲು ಕ್ವಾರಿ ಹತ್ತಿರ ಲಾರಿ ತೂಗೋ ವೇಬ್ರಿಜ್ಜಿಗೆ ಹೋದ್ವಿ. ಇವಳು ಕಾರು ಹತ್ತಿಸಿದ್ಲು. ನಾನು ಬಾಗಿಲು ತೆಗೆದು ಇಳಿದುಬಿಟ್ಟೆ.

"ಅತ್ತೆ, ಕೂತಿರಿ, ಒಟ್ಟಿಗೇ ತೂಗೋಣ."

"ಹೋಗೇ! ಜಲ್ಲಿ ಲಾರಿ ತೂಗೋ ಕಡೆ ನನ್ನನ್ನ ತೂಗಿಸ್ತೀಯಾ? ಚೀಟಿ ಬೇರೆ ಹೊಡೆದು ಕೊಡ್ತಾರೆ. ಬಾಯಲ್ಲಿ ಹೇಳ್ತೀನಿ ಬರ್ಕೋ."

"ಎಷ್ಟು?"

"ಐವತ್ತೈದು."

ಅವಳು ನನ್ನ ಕಡೆ ನೋಡಿದ್ಲು. "ಐವತ್ತೈದಾ ಅತ್ತೆ?"

"ಐವತ್ತೈದೇ. ಮದುವೆಯಲ್ಲಿ ನಲವತ್ತೆರಡಿದ್ದೆ. ಗಾಳಿ ಬಂದ್ರೆ ನಿಮ್ಮ ಮಾವ ಸೆರಗು ಹಿಡ್ಕೊಂಡು ನಿಲ್ತಿದ್ರು, ಹಾರಿ ಹೋಗ್ತೀನಿ ಅಂತ."

ಬರ್ಕೊಂಡ್ಲು. ಕಾರು ಅವಳನ್ನೂ ಸೇರಿಸಿ ಒಂಬೈನೂರ ನಲವತ್ತು ಕೇಜಿ, ನಾನು ಐವತ್ತೈದು.

ಓಡಿಸಿದ್ದು ಊರಾಚೆ, ಇನ್ನೂ ವಾಹನ ಬಿಡದ ಹೊಸ ರಸ್ತೆಯಲ್ಲಿ. ರಸ್ತೆ ಕೆಲಸದ ಮೇಸ್ತ್ರಿ ಹಲ್ಲು ಡಾಕ್ಟ್ರ ಹತ್ತಿರ ಬಾಯಿ ತೆಗೆದೋನು, ಅದಕ್ಕೇ ಗೇಟೂ ತೆಗೆದ. ಇವಳು ಮೊದಲು ಕಿಲೋಮೀಟರ್ ಕಲ್ಲಿಂದ ಕಲ್ಲಿಗೆ ಒಂದೇ ವೇಗದಲ್ಲಿ ಓಡಿಸಿ, ಕಾರಿನ ವೇಗ ತೋರಿಸೋ ಮುಳ್ಳು ನಿಜ ಹೇಳುತ್ತಾ ಅಂತ ನೋಡಿದ್ಲು. ಅದು ಸ್ವಲ್ಪ ಜಂಬ ಕೊಚ್ಚುತ್ತಿತ್ತು. ಎಷ್ಟು ಕೊಚ್ಚುತ್ತೆ ಅಂತ ಬರ್ಕೊಂಡು, ಮುಳ್ಳಿನ ಗಾಜಿನ ಮೇಲೆ ನಿಜವಾದ ನೂರಕ್ಕೂ ನಿಜವಾದ ನೂರ ಮೂವತ್ತಕ್ಕೂ ಕೆಂಪು ದಾರ ಅಂಟಿಸಿದ್ಲು. ಆಮೇಲೆ ನನ್ನ ಬೆಲ್ಟು ಬಿಗಿದು, "ಅತ್ತೆ, ಹೆದರಿಕೆ ಆದ್ರೆ ಹೇಳಿ" ಅಂದ್ಲು.

"ಹೆದರಿಕೇನಾ? ನಿಮ್ಮ ಮಾವನ ಸ್ಕೂಟರ್ ಹಿಂದೆ ಕೂತೋಳು ನಾನು!"

ಒತ್ತಿದ್ಲು ನೋಡಿ ಕಾಲು. ನನ್ನ ಬೆನ್ನು ಸೀಟಿಗೆ ಅಂಟಿತು, ಕಿವಿ ಎರಡೂ ಹಿಂದಿನ ಸೀಟಿಗೆ ಹೋಗಿ ಕೂತ್ವು, ಜೀವ ಅಂತೂ ಎರಡು ಕಿಲೋಮೀಟರ್ ಹಿಂದೆ ಉಳೀತು. ಮುಳ್ಳು ಮೊದಲನೇ ದಾರ ಮುಟ್ಟಿದಾಗ "ಹ್ಞಾ!" ಟಕ್. ಎರಡನೇ ದಾರಕ್ಕೆ "ಹ್ಞಾ!" ಟಕ್. ಮೂರೂವರೆ ಸೆಕೆಂಡು. ಆ ಕಡೆಗೆ ಐದು ಸಲ, ಈ ಕಡೆಗೆ ಐದು ಸಲ, ಗಾಳಿ ಒಂದು ಕಡೆ ತಳ್ಳಿದ್ದು ಇನ್ನೊಂದು ಕಡೆ ತಡೆದು ಸಮ ಆಗಲಿ ಅಂತ. ಆಮೇಲೆ ಕ್ಲಚ್ಚು ಒತ್ತಿ, ಸುಮ್ಮನೆ ಉರುಳೋಕೆ ಬಿಟ್ಟು, ಗಾಳಿ ಮತ್ತು ರಸ್ತೆ ಅದನ್ನ ಎಷ್ಟು ಬೇಗ ನಿಧಾನ ಮಾಡ್ತಾವೆ ಅಂತಾನೂ ನೋಡಿದ್ಲು. ಅಷ್ಟು ವೇಗದಲ್ಲಿ ಅವಳ ಕೈ ನೋಡಬೇಕಿತ್ತು. ಮಲಗಿದ ಕೂಸಿನ ತಲೆ ಹಿಡಿದ ಹಾಗೆ ಸ್ಟೇರಿಂಗು ಹಿಡಿದಿದ್ಲು. ನಾನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ರೆ ಸೊಸೆ ತಲೆ ಮೇಲೆ ಕೂರ್ತಾಳೆ.

ಇನ್ನೊಂದು ದಾರೀನೂ ಹಿಡಿದಿದ್ಲು. ಗೆರೆ ಹಾಕಿದ ಒಂದು ಬಾಟಲಿಯಿಂದ ಎಂಜಿನ್ನಿಗೆ ಪೆಟ್ರೋಲು ಹೋಗೋ ಹಾಗೆ ಮಾಡಿ, ಪೂರ್ತಿ ಜೋರಲ್ಲಿ ಎಳೆಯುವಾಗ ಎಷ್ಟು ಕುಡಿಯುತ್ತೆ ಅಂತ ನೋಡಿದ್ಲು. ಇಷ್ಟು ಮೇವು ತಿಂದ್ರೆ ಇಷ್ಟು ಕುದುರೆ ಇರಬೇಕು ಅಂತ ಅದರಿಂದಲೂ ಒಂದು ಅಂದಾಜು. "ಇದು ಒರಟು ಲೆಕ್ಕ ಅತ್ತೆ. ರಸ್ತೆ ಲೆಕ್ಕವೇ ಗಟ್ಟಿ. ಆದ್ರೂ ಸಾಕ್ಷಿ ಎರಡಿದ್ರೆ ಒಳ್ಳೇದು."

ಮಾರನೇ ದಿನ ಬೆಳಿಗ್ಗೆ ಅಡುಗೆಮನೆ ಮೇಜಿನ ಮೇಲೆ, ಮಗ ಸೀಟಿನ ಬಟ್ಟೆ ಕತ್ತರಿಸೋಕೆ ಇಟ್ಟುಕೊಂಡಿದ್ದ ಕಂದು ಕಾಗದ ಹರಡಿ ಲೆಕ್ಕಕ್ಕೆ ಕೂತ್ಲು. ಅಂಕಿ ಇರುವೆ ಸಾಲಿನ ಹಾಗೆ ಮೇಜು ದಾಟಿ ಹೋಯ್ತು. ಗೇರು ತಿನ್ನೋ ಶಕ್ತಿ ಎಷ್ಟು, ಟೈರು ತಿನ್ನೋದು ಎಷ್ಟು ಅಂತ ಸೇರಿಸ್ತಿದ್ದಾಗ ಮಗ, "ಓ, ಹೊಲಿಗೆಗೆ ಬಿಡೋ ಬಟ್ಟೆ ಥರ" ಅಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಬೇರೆ ಗಂಡ ಹೆಂಡ್ತಿ ಸಿನಿಮಾ ನೋಡಿ ನಗ್ತಾರೆ, ಇವರು ಭಾಗಾಕಾರ ನೋಡಿ.

ನಗು ಹೆಚ್ಚು ಹೊತ್ತು ಉಳೀಲಿಲ್ಲ. ರಸ್ತೆ ಲೆಕ್ಕ ಹೇಳಿದ್ದು ನೂರ ನಲವತ್ತೆರಡು. ಪೆಟ್ರೋಲು ಲೆಕ್ಕ ಹೇಳಿದ್ದು ನೂರ ನಲವತ್ತಾರು. ಕ್ಲಬ್ಬಿನೋರು ಬಿಡೋ ಮೂರು ಕುದುರೆಗಿಂತ ಒಂದು ಜಾಸ್ತಿ.

ಮತ್ತೆ ಮಾಡಿದ್ಲು. ಮತ್ತೆ ಅದೇ. ಶೆಡ್ಡಿಗೆ ಹೋಗಿ, ಪೆಟ್ರೋಲಿಗೆ ಕಿಡಿ ಹಚ್ಚೋ ಸ್ಪಾರ್ಕ್ ಪ್ಲಗ್ಗು ನಾಲ್ಕೂ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದ್ಲು. ಬಿಸ್ಕತ್ತಿನ ಬಣ್ಣ. "ಪೆಟ್ರೋಲು ಸರಿಯಾಗೇ ಉರಿದಿದೆ" ಅಂತ ಗೊಣಗಿದ್ಲು. "ಹಾಗಾದ್ರೆ ನಾಲ್ಕು ಕುದುರೆ ಮೇವು ತಿಂದಿವೆ, ಕೆಲಸಕ್ಕೆ ಬಂದಿಲ್ಲ. ಎಲ್ಲಿ ಹೋದ್ವು?"

ಅಷ್ಟು ಹೊತ್ತಿಗೆ ಡಾಕ್ಟ್ರು ಬಂದ್ರು. ಮಧ್ಯಾಹ್ನ ಮೂರು ಗಂಟೆಗೆ ಕ್ಲಬ್ಬಿಗೆ ಕಾಗದ ಕೊಡಬೇಕು, ಕಾರೂ ತಗೊಂಡು ಹೋಗಬೇಕು. "ಏನಾಯ್ತು? ನೂರಾ ಎಂಬತ್ತಾ?" ಅಂದ್ರು.

"ನೂರ ನಲವತ್ತೆರಡು ಬರೀತೀನಿ ಡಾಕ್ಟ್ರೇ. ರಸ್ತೆ ಸುಳ್ಳು ಹೇಳಲ್ಲ" ಅಂದ್ಲು ಸೊಸೆ. ಆದ್ರೆ ದನಿಯಲ್ಲಿ ಜೀವ ಇರಲಿಲ್ಲ. "ಎಲ್ಲೋ ನನ್ನ ಕೆಲಸವೇ ಕೆಟ್ಟಿದೆ. ಕಾರ್ಬೊರೇಟರು ಬಿಚ್ಚಿ ನೋಡ್ತೀನಿ." ಆಗಲೇ ಸ್ಪ್ಯಾನರು ಕೈಗೆ ತಗೊಂಡಿದ್ಲು. ನಾಲ್ಕು ತಿಂಗಳ ಕೆಲಸ, ಕೂದಲೆಳೆ ಲೆಕ್ಕದಲ್ಲಿ ಕೂರಿಸಿದ್ದು, ಅದನ್ನ ಬಿಚ್ಚೋಕೆ ಹೊರಟಿದ್ಲು ಹುಡುಗಿ!

ಮಗ ಹೊಲಿಗೆ ನಿಲ್ಲಿಸಿ, "ಎಲ್ಲಾ ಸರಿಯಾಗಿ ಅಳೆದಿದ್ದೀಯಾ?" ಅಂತ ಕೇಳಿದ.

"ಎಲ್ಲಾ. ಕಾರು, ನಾನು, ಕಲ್ಲಿಂದ ಕಲ್ಲಿಗೆ ದೂರ, ಗಾಳಿ... ಅತ್ತೆ ಒಬ್ಬರದ್ದೇ ಅವರು ಹೇಳಿದ್ದು ಬರ್ಕೊಂಡಿರೋದು. ಅದನ್ನ ಬಿಡಿ. ಅತ್ತೆ ಹೇಳಿದ್ ಮೇಲೆ ಮುಗೀತು."

ಮಗ ನನ್ನ ಕಡೆ ನೋಡಿದ. ಅವನು ದರ್ಜಿ. ನನ್ನ ರವಿಕೆ ಹೊಲಿಯೋದೂ ಅವನೇ. "ಅಮ್ಮಾ..." ಅಂದ. ಕೆಮ್ಮಿದ. ಮತ್ತೆ ಬಗ್ಗಿ ಸೂಜಿಗೆ ದಾರ ಪೋಣಿಸೋಕೆ ಶುರು ಮಾಡಿದ, ಆಗಲೇ ಪೋಣಿಸಿದ್ದ ಸೂಜಿಗೆ.

ಹೋದ ತಿಂಗಳು ಮಂಡಿ ನೋವು ಅಂತ ಹೋದಾಗ ನರ್ಸಮ್ಮ ತೂಗಿದ್ಲು. ಮುಳ್ಳು ಏನು ಹೇಳಿತ್ತು ಅಂತ ನನಗೆ ಗೊತ್ತು. ಆ ತಕ್ಕಡಿ ಕೆಟ್ಟಿದೆ ಅಂತ ಅವಳ ಜೊತೆ ಜಗಳ ಆಡಿ ಬಂದಿದ್ದೆ. ಈಗ ನೋಡಿದ್ರೆ ಇವಳು ತನ್ನ ಕೈಯನ್ನ ಅನುಮಾನಿಸ್ತಿದ್ದಾಳೆ, ತನ್ನ ಕಿವಿಯನ್ನ ಅನುಮಾನಿಸ್ತಿದ್ದಾಳೆ, ಪೆಟ್ರೋಲನ್ನ ಅನುಮಾನಿಸ್ತಿದ್ದಾಳೆ. ನನ್ನನ್ನ ಮಾತ್ರ ಅನುಮಾನಿಸಲಿಲ್ಲ. ಬೈದಿದ್ರೆ ತಿರುಗಿಸಿ ಬೈತಿದ್ದೆ, ಅದರಲ್ಲಿ ನನ್ನ ಸಮಾನ ಯಾರೂ ಇಲ್ಲ. ನಂಬಿದ್ರೆ ಏನು ಮಾಡೋದು?

"ಸ್ಪ್ಯಾನರು ಕೆಳಗಿಡೇ" ಅಂದೆ. "ಆ ನಾಲ್ಕು ಕುದುರೆ ಎಲ್ಲೂ ಹೋಗಿಲ್ಲ. ನನ್ನನ್ನ ಹೊತ್ಕೊಂಡಿದ್ವು."

"ಅಂದ್ರೆ?"

"ಐವತ್ತೈದು ನಾನು ಗುಂಡಿ ಕಾರ್ಖಾನೆಗೆ ಸೇರಿದಾಗ ಇದ್ದಿದ್ದು. ಈಗ ಎಂಬತ್ತರ ಆಸುಪಾಸು."

ಶೆಡ್ಡಿನಲ್ಲಿ ಸೂಜಿ ಬಿದ್ರೂ ಕೇಳ್ತಿತ್ತು. ನಿಜವಾಗ್ಲೂ ಬಿತ್ತು, ಮಗನ ಕೈಯಿಂದ. ಡಾಕ್ಟ್ರು ಗೋಡೆ ಕಡೆ ತಿರುಗಿದ್ರು, ಭುಜ ಮಾತ್ರ ಕುಣೀತಿತ್ತು.

"ನಗಬೇಡಿ ಡಾಕ್ಟ್ರೇ, ಇರೋ ಆರು ಹಲ್ಲನ್ನೂ ಬೇರೆಯೋರ ಹತ್ತಿರ ಕೀಳಿಸ್ಕೋತೀನಿ!"

ಸೊಸೆ ನಗಲಿಲ್ಲ. ಸಿಟ್ಟೂ ಮಾಡ್ಲಿಲ್ಲ. ಅವಳ ಮುಖದಲ್ಲಿ ದೀಪ ಹತ್ತಿದ ಹಾಗಾಯ್ತು. "ಆಸುಪಾಸು ಸಾಲದು ಅತ್ತೆ. ಈ ಸಲ ಕೇಳಲ್ಲ, ತೂಗ್ತೀನಿ" ಅಂದ್ಲು. ನನ್ನ ಕೈ ಹಿಡಿದು ಪಕ್ಕದ ಗುಜರಿ ಅಂಗಡಿಗೆ ಕರ್ಕೊಂಡು ಹೋದ್ಲು. ಹಳೇ ಕಬ್ಬಿಣ ತೂಗೋ ತಕ್ಕಡಿ ಮೇಲೆ, ಮುರಿದ ಎರಡು ಸೈಕಲ್ಲು ಕೆಳಗಿಳಿಸಿ, ನನ್ನನ್ನ ಹತ್ತಿಸಿದ್ಲು. ಅದಕ್ಕೂ ಮೊದಲು, ನಿನ್ನೆ ಉಟ್ಟಿದ್ದ ಅದೇ ಸೀರೆ, ಅದೇ ಚಪ್ಪಲಿ ಹಾಕ್ಕೊಂಡು ಬನ್ನಿ ಅಂತ ಹೇಳಿ ಮನೆಗೆ ವಾಪಸ್ ಬೇರೆ ಕಳಿಸಿದ್ಲು! ಗುಜರಿಯೋನು ದೇವರು ಕೊಟ್ಟ ಗಂಟಲಲ್ಲಿ, "ಎಂಬತ್ತೆರಡೂ..." ಅಂತ ಕೂಗಿದ. ಮೂರು ಬೀದಿಯ ನಾಯಿಗಳಿಗೂ ಗೊತ್ತಾಯ್ತು.

"ಹಳೇ ಕಬ್ಬಿಣದ ರೇಟಾ ಅಜ್ಜಿ, ಹಿತ್ತಾಳೆ ರೇಟಾ?" ಅಂದ.

"ಚಿನ್ನದ ರೇಟು ಕಣೋ, ನಿನಗೆ ಕೊಳ್ಳೋಕಾಗಲ್ಲ, ಮುಚ್ಚು ಬಾಯಿ" ಅಂದೆ.

ಇಪ್ಪತ್ತೇಳು ಕೇಜಿ ಸೇರಿಸಿ ಸೊಸೆ ಮತ್ತೆ ಲೆಕ್ಕ ಮಾಡಿದ್ಲು. ಈ ಸಲ ಇರುವೆ ಸಾಲು ಓಡಿ ಓಡಿ ನೂರ ನಲವತ್ತಾರಕ್ಕೆ ಬಂದು ನಿಂತಿತು, ಕೂದಲೆಳೆ ಕಮ್ಮಿ. ಪೆನ್ಸಿಲ್ಲು ಕೆಳಗಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದ್ಲು. ಆಮೇಲೆ ಪೆನ್ನು ತಗೊಂಡು ಕಾಗದದಲ್ಲಿ ನೂರ ನಲವತ್ತಾರು ಅಂತ ಬರೆದು, ಕೆಳಗೆ ತನ್ನ ಹೆಸರು ಬರೆದ್ಲು. ಅಕ್ಷರ ದುಂಡಗಿತ್ತು. ಎಷ್ಟು ದುಂಡಗೆ ಅಂದ್ರೆ, ಕಾಗದ ಓರೆ ಮಾಡಿದ್ರೆ ಉರುಳಿ ಹೋಗ್ತಿತ್ತು.

ಕ್ಲಬ್ಬಿನ ದೊಡ್ಡ ಹಾಲಿನಲ್ಲಿ ಸಿಮೆಂಟು ನೆಲ, ಗೋಡೆಗೆ ಬಿಳಿ ಬಣ್ಣ, ಮೇಲೆ ಅಂಕಿ ಹೊಳೆಯೋ ಒಂದು ಬೋರ್ಡು. ಪರೀಕ್ಷೆ ಮಾಡೋರು ದಪ್ಪ ಕನ್ನಡಕದೋರು. ಕಾಗದ ಓದಿ, "ನಿಮ್ಮದು ಯಾವ ಮಿಷನ್ನಮ್ಮ?" ಅಂದ್ರು.

"ಮಿಷನ್ನಿಲ್ಲ ಸಾರ್. ರಸ್ತೆ."

"ರಸ್ತೆ ಮೇಲೆ ಅಳೆದು ಮೂರು ಕುದುರೆ ಒಳಗೆ ಹೇಳ್ತೀರಾ?" ಹುಬ್ಬು ಕನ್ನಡಕದಿಂದ ಆಚೆ ಬಂತು. ದೊಡ್ಡ ಗ್ಯಾರೇಜಿನೋರು ಬೆಂಚಿನ ಮೇಲೆ ಕೂತಿದ್ರು. ಒಬ್ಬ ಇನ್ನೊಬ್ಬನ ಪಕ್ಕೆಗೆ ತಿವಿದ. ನಾನು ಅವರನ್ನೇ ಗುರಾಯಿಸ್ತಾ ಕೂತೆ. ನನ್ನ ಕಣ್ಣಿಗೆ ಶಕ್ತಿ ಇದ್ದಿದ್ರೆ ಆ ಬೆಂಚು ಅವತ್ತೇ ಸುಟ್ಟು ಹೋಗ್ತಿತ್ತು.

ಕಾರು ಉರುಳೆ ಮೇಲೆ ಹತ್ತಿತು. ನಾಲ್ಕು ಕಡೆ ಪಟ್ಟಿ ಬಿಗಿದ್ರು. ಡಾಕ್ಟ್ರು ಒಳಗೆ ಕೂತು ಒತ್ತಿದ್ರು. ಸದ್ದು ಏರಿತು, ಕಿಟಕಿ ಗಾಜು ನಡುಗಿದ್ವು, ಬೋರ್ಡಿನ ಅಂಕಿ ಓಡೋಕೆ ಶುರುವಾಯ್ತು. ತೊಂಬತ್ತು, ನೂರ ಹತ್ತು, ನೂರ ಮೂವತ್ತು. ಮಗ ನನ್ನ ತೋಳು ಹಿಡ್ಕೊಂಡ. ನೂರ ನಲವತ್ತು. ನೂರ ನಲವತ್ತೆರಡು. ಅಲ್ಲೇ ನಿಲ್ಲುತ್ತೇನೋ ಅಂತ ನಾನು ಕೂತಲ್ಲಿಂದ ಎದ್ದುಬಿಟ್ಟೆ. ದಾಟಿತು. ನೂರ ನಲವತ್ತೈದು, ಆರು. ಕೊನೇಲಿ ನೂರ ನಲವತ್ತೇಳಕ್ಕೆ ಬಂದು, ಅಲ್ಲೇ ಕಾಲೂರಿ ನಿಂತಿತು.

ಕನ್ನಡಕದೋರು ಕಾಗದ ನೋಡಿದ್ರು, ಬೋರ್ಡು ನೋಡಿದ್ರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ್ರು. "ಒಂದು ಕುದುರೆ" ಅಂದ್ರು. "ಬರೀ ಒಂದು ಕುದುರೆ ವ್ಯತ್ಯಾಸ." ಬೆಂಚಿನ ಮೇಲಿದ್ದೋರು ಎದ್ದು ನಿಂತ್ರು. ಅವರಲ್ಲಿ ಹಿರಿಯನೊಬ್ಬ ನಿಜವಾಗ್ಲೂ ಚಪ್ಪಾಳೆ ಹೊಡೆದ. ಡಾಕ್ಟ್ರು ಕಾರಿನಿಂದ ಇಳಿದು ಕುಣಿದ್ರು. ನನ್ನ ಮಗ, ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಜನರ ಮುಂದೆ ಹೆಂಡತಿ ಪಕ್ಕ ನಿಲ್ಲೋಕೂ ನಾಚಿಕೊಂಡೋನು, ಅಲ್ಲೇ ಕಣ್ಣೊರೆಸಿಕೊಂಡ.

ನಾನು ಸೊಸೆ ಎಲ್ಲಿ ಅಂತ ಹುಡುಕಿದೆ. ಅವಳು ಬೋರ್ಡು ನೋಡ್ತಾನೇ ಇರಲಿಲ್ಲ. ಕಾರಿನ ಬಾನೆಟ್ ಎತ್ತಿ, ಒಂದು ಉದ್ದ ಸ್ಕ್ರೂಡ್ರೈವರಿನ ತುದೀನ ಇನ್ನೂ ಓಡ್ತಿದ್ದ ಎಂಜಿನ್ನಿಗೂ ಅದರ ಹಿಡೀನ ತನ್ನ ಕಿವಿಗೂ ಇಟ್ಟುಕೊಂಡು, ಕಣ್ಣು ಮುಚ್ಚಿ ಬಗ್ಗಿ ನಿಂತಿದ್ಲು.

"ಏನೇ ಅದು? ಎಲ್ಲಾ ನಿನ್ನ ಹೊಗಳ್ತಿದ್ದಾರೆ, ಇಲ್ಲಿ ನೋಡೇ!"

"ಶ್... ಅತ್ತೆ, ಒಂದು ನಿಮಿಷ" ಅಂದ್ಲು. "ಎರಡನೇ ವಾಲ್ವು ಟಿಕ್ ಅಂತಿದೆ. ಡಾಕ್ಟ್ರೇ, ಹೀಗೇ ರೇಸಿಗೆ ಓಡಿಸಬೇಡಿ. ಶೆಡ್ಡಿಗೆ ತಂದು ಅರ್ಧ ಗಂಟೆ ಕೊಡಿ ನನಗೆ."